ಮೂರು ಹೊಳೆ, ನಾಲ್ಕು ತಾಲ್ಲೂಕು

ಮೈಸೂರಿನಿಂದ ಪಡುವಣಕ್ಕೆ ಹೊರಟ ಪ್ರವಾಸಿಗನಿಗೆ ಹುಣಸೂರೆಂದರೆ ಕಾಫಿ ಕುಡಿಯಲು ನಿಲ್ಲುವ ಊರು. ಪಿರಿಯಾಪಟ್ಟಣವೆಂದರೆ ಕಿಟಕಿಯಾಚೆ ಓಡಿಹೋಗುವ ಒಂದು ಹೆಸರಿನ ಹಲಗೆ. ಅವನ ಮನಸ್ಸೆಲ್ಲ ಮುಂದೆ ಬರಲಿರುವ ಕೊಡಗಿನ ಮೇಲೆ. ಹೆಗ್ಗಡದೇವನಕೋಟೆಯ ದಾರಿ ಹಿಡಿದವನು ವಯನಾಡನ್ನು ನೆನೆಯುತ್ತಿರುತ್ತಾನೆ, ಕೃಷ್ಣರಾಜನಗರದ ದಾರಿ ಹಿಡಿದವನು ಹಾಸನದ ಕಡೆಯ ಶಿಲ್ಪಗಳನ್ನು. ಹೀಗೆ ಮೈಸೂರು ಜಿಲ್ಲೆಯ ಅಂಚಿನ ಈ ನಾಲ್ಕು ತಾಲ್ಲೂಕುಗಳು ಎಲ್ಲರೂ ಹಾದುಹೋಗುವ, ಕೆಲವರು ಮಾತ್ರ ನಿಂತು ನೋಡುವ ನಾಡಾಗಿ ಉಳಿದಿವೆ. ಈಚಿನ ವರ್ಷಗಳಲ್ಲಿ ಸಾಲಿಗ್ರಾಮ, ಸರಗೂರುಗಳು ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಸರ್ಕಾರದ ಲೆಕ್ಕಕ್ಕೆ ಆರು ಎನ್ನಬೇಕು. ಆದರೆ ಗಡಿಯ ಗೆರೆ ಬದಲಾದಂತೆ ನೆಲದ ಗುಣ ಬದಲಾಗುವುದಿಲ್ಲ.

ಈ ನೆಲವನ್ನು ರೂಪಿಸಿದವು ಮೂರು ಹೊಳೆಗಳು. ಕಾವೇರಿಯು ಕೊಡಗನ್ನು ದಾಟಿ ಉತ್ತರದ ಅಂಚಿನಲ್ಲಿ ಬರುತ್ತಾಳೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪಿನಲ್ಲಿ ಧುಮುಕಿದ ಲಕ್ಷ್ಮಣತೀರ್ಥವು ಹನಗೋಡು, ಹುಣಸೂರುಗಳನ್ನು ಹಾದು ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ದಕ್ಷಿಣದಲ್ಲಿ ವಯನಾಡಿನ ಮಳೆಯನ್ನೆಲ್ಲ ಹೊತ್ತುಕೊಂಡು ಕಪಿಲೆ, ಜನರು ಕಬಿನಿಯೆಂದು ಕರೆಯುವ ಹೊಳೆ, ಕಾಡಿನ ನಡುವಿನಿಂದ ಇಳಿದು ಬರುತ್ತಾಳೆ. ಮೂರೂ ಹೊರಗೆ ಹುಟ್ಟಿದವು. ಇಲ್ಲಿಗೆ ಬಂದು ಮನುಷ್ಯನ ಕೈಗೆ ಸಿಕ್ಕಿದವು. ಇಂದು ಪ್ರವಾಸಿಗನು ‘ಪ್ರಕೃತಿಯ ಸೊಬಗು’ ಎಂದು ಮೆಚ್ಚಿ ಹೋಗುವ ಸ್ಥಳಗಳಲ್ಲಿ ಹೆಚ್ಚಿನವು, ನಿಧಾನವಾಗಿ ನೋಡಿದರೆ, ಮನುಷ್ಯನು ಹೊಳೆಗೆ ಅಡ್ಡ ನಿಂತ ಕಡೆಗಳೇ ಆಗಿವೆ.

ಈ ಸೀಮೆಯನ್ನು ಕಂಡು ಬರೆದಿಟ್ಟ ಹಳೆಯ ಪ್ರವಾಸಿಗರಲ್ಲಿ ಮುಖ್ಯನಾದವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಎಂಥ ಜನ ಬದುಕುತ್ತಾರೆ ಎಂಬುದನ್ನು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಕಳುಹಿಸಿದ ವೈದ್ಯನೀತ. 1800ರಲ್ಲಿ ಅವನು ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಹಾದುಹೋದನು. ನೋಟದ ಚೆಲುವಿಗೆ ಮನಸೋಲುವ ಸ್ವಭಾವ ಅವನದಲ್ಲ. ಮಣ್ಣಿನ ಬಣ್ಣ, ಕಾಲುವೆಯ ನೀರು, ಬಿತ್ತನೆಯ ಲೆಕ್ಕ, ಗಂಧದ ಮರ, ಇವೇ ಅವನ ಪುಟಗಳನ್ನು ತುಂಬಿವೆ. ಆದರೂ ಒಂದು ಚಿತ್ರ ಓದಿದವರ ಮನಸ್ಸಿನಿಂದ ಮರೆಯಾಗುವುದಿಲ್ಲ. ಪಿರಿಯಾಪಟ್ಟಣದ ಕೋಟೆಯು ಅಂದು ಹಾಳುಬಿದ್ದಿತ್ತು; ಆ ಹಾಳಿನೊಳಗೆ ಹುಲಿಗಳು ಸೇರಿಕೊಂಡಿದ್ದವೆಂದೂ, ನಡುಹಗಲಿನಲ್ಲಿ ಸಹ ಒಬ್ಬಂಟಿಯಾಗಿ ಒಳಹೊಗಲು ಜನರು ಅಂಜುತ್ತಿದ್ದರೆಂದೂ ಅವನು ಬರೆದಿದ್ದಾನೆ. ಅದೇ ಸೀಮೆಯಲ್ಲಿ ಇಂದು ಹುಲಿಯ ಬೆನ್ನನ್ನಾದರೂ ಕಾಣಬೇಕೆಂದು ಸಾವಿರಾರು ರೂಪಾಯಿ ತೆತ್ತು, ನಸುಕಿನ ಚಳಿಯಲ್ಲಿ ಜೀಪಿನ ಮೇಲೆ ನಡುಗುತ್ತ ಕುಳಿತಿರುವವರನ್ನು ಕಂಡಿದ್ದರೆ ಬುಕಾನನ್ ಏನೆಂದುಕೊಳ್ಳುತ್ತಿದ್ದನೋ!

ಕಟ್ಟೆಯೂ ಬೆಟ್ಟವೂ

ಕೃಷ್ಣರಾಜನಗರದ ಹಳೆಯ ಹೆಸರು ಎಡತೊರೆ. ಕಾವೇರಿಯ ನೆರೆಯ ಕಾಟವನ್ನು ತಾಳಲಾರದೆ ಹೊಳೆಯ ದಡದಿಂದ ಈಚೆಗೆ ನೇರವಾದ ಬೀದಿಗಳ ಹೊಸ ಊರನ್ನು ಕಟ್ಟಿಸಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಅರ್ಕೇಶ್ವರಸ್ವಾಮಿ ಮಾತ್ರ ಹಳೆಯ ಎಡತೊರೆಯಲ್ಲಿ, ಹೊಳೆಯ ಪಕ್ಕದಲ್ಲಿಯೇ ನೆಲೆನಿಂತಿದ್ದಾನೆ. ಊರಿನ ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ. ಈ ತಾಲ್ಲೂಕನ್ನು ಭತ್ತದ ಕಣಜವೆಂದು ಕರೆಯುವುದು ವಾಡಿಕೆ.

ಇಲ್ಲಿಂದ ಸುಮಾರು 15 ಕಿಲೋಮೀಟರು ಹೋದರೆ ಚುಂಚನಕಟ್ಟೆ. ಕಾವೇರಿಯು ಇಲ್ಲಿ ಬಂಡೆಗಳ ನಡುವೆ ಕವಲೊಡೆದು ಸುಮಾರು 60 ಅಡಿ ಕೆಳಕ್ಕೆ ಧುಮುಕುತ್ತಾಳೆ. ಎತ್ತರದ ಲೆಕ್ಕದಲ್ಲಿ ಇದು ಜೋಗದ ಮುಂದೆ ನಿಲ್ಲುವ ಮಾತಲ್ಲ. ಆದರೆ ಶ್ರಾವಣದ ಹೊತ್ತಿನಲ್ಲಿ, ಕೊಡಗಿನ ಕೆಂಪು ನೀರು ಬಂಡೆಗಳನ್ನೆಲ್ಲ ಮುಚ್ಚಿ ನೊರೆಯಾಗಿ ಬೀಳುವಾಗ, ದೇವಸ್ಥಾನದ ಮಗ್ಗುಲಲ್ಲಿ ನಿಂತು ನೋಡುವವನಿಗೆ ಅಳತೆಯ ಯೋಚನೆ ಬರುವುದಿಲ್ಲ. ದೇವಸ್ಥಾನವು ಕೋದಂಡರಾಮನದು. ವನವಾಸದ ಕಾಲದಲ್ಲಿ ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ಸೀತಾರಾಮರನ್ನು ಇಲ್ಲಿ ಸತ್ಕರಿಸಿದರೆಂಬುದು ಸ್ಥಳಪುರಾಣ. ಬೇರೆಡೆಗಳಲ್ಲಿ ರಾಮನ ಎಡಕ್ಕೆ ನಿಲ್ಲುವ ಸೀತೆ ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಹೊರಗೆ ಕಿವಿಗಡಚಿಕ್ಕುವಂತೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯಲ್ಲಿ ಕೇಳಿಸುವುದಿಲ್ಲವೆಂಬ ಪ್ರತೀತಿಯೂ ಉಂಟು. ಬಂದವರೆಲ್ಲ ಒಂದು ಗಳಿಗೆ ಉಸಿರು ಹಿಡಿದು ಅದನ್ನು ಪರೀಕ್ಷಿಸದೆ ಹಿಂದಿರುಗುವುದಿಲ್ಲ.

ಆದರೆ ಊರಿನ ಹೆಸರಿನಲ್ಲಿಯೇ ‘ಕಟ್ಟೆ’ ಇರುವುದನ್ನು ಗಮನಿಸುವವರು ಕಡಿಮೆ. ಜಲಪಾತದ ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಹಳೆಯ ಕಾಲದ ಅಣೆಕಟ್ಟೆಯೊಂದಿದೆ. ಅಲ್ಲಿಂದ ಹೊರಟ ರಾಮಸಮುದ್ರ ನಾಲೆಯು ಕೆಳಗಿನ ಗದ್ದೆಗಳಿಗೆ ನೀರುಣಿಸುತ್ತದೆ. ಈಚೆಗೆ ಕಿರಿಯದೊಂದು ಜಲವಿದ್ಯುತ್ ಘಟಕವೂ ಸೇರಿಕೊಂಡಿದೆ. ಆದುದರಿಂದ ಜಲಪಾತಕ್ಕೆ ದೊರೆಯುವುದು ಗದ್ದೆಯೂ ದೀಪವೂ ಬಿಟ್ಟುಕೊಟ್ಟ ನೀರು. ಮಳೆಗಾಲದಲ್ಲಿ ಅದಕ್ಕೆ ಕೊರತೆಯಿಲ್ಲ. ಸಂಕ್ರಾಂತಿಯ ವೇಳೆಗೆ ಬಂಡೆಗಳು ಮೈದೋರಿರುತ್ತವೆ. ಆಗ ನೋಡಬೇಕಾದುದು ನೀರನ್ನಲ್ಲ, ದನಗಳ ಜಾತ್ರೆಯನ್ನು. ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗಂಟೆ ಕಟ್ಟಿದ ಹಳ್ಳಿಕಾರ್ ಎತ್ತುಗಳ ಜೋಡಿಗಳು ಸಾಲುಗಟ್ಟಿ ನಿಂತಿರುವ ಆ ಬಯಲಿನ ಚೆಲುವು ಪಟ್ಟಣದ ಮಕ್ಕಳಿಗೆ ಜಲಪಾತಕ್ಕಿಂತ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ.

ಪಿರಿಯಾಪಟ್ಟಣದ ಕಡೆ ತಿರುಗಿದರೆ ಬಹುದೂರದಿಂದಲೇ ಬೆಟ್ಟದಪುರದ ಶಂಕುವಿನಾಕಾರದ ಬೆಟ್ಟ ಕಣ್ಣಿಗೆ ಬೀಳುತ್ತದೆ. ಸಮುದ್ರ ಮಟ್ಟದಿಂದ 4000 ಅಡಿಗೂ ಮಿಕ್ಕಿದ ಎತ್ತರ. ಏರಲು 3000ಕ್ಕೂ ಹೆಚ್ಚು ಮೆಟ್ಟಿಲು. ನೆತ್ತಿಯ ಮೇಲಿರುವ ದೇವರು ಸಿಡಿಲು ಮಲ್ಲಿಕಾರ್ಜುನ. ಬೋಳುಬೆಟ್ಟದ ತುದಿಗೆ ಸಿಡಿಲೆರಗುವುದು ಸಹಜವೇ. ಆದರೆ ಆ ಸಿಡಿಲು ಶಿವನನ್ನು ಮುಟ್ಟಿ ಪೂಜಿಸಲು ಬರುತ್ತದೆಯೆಂದು ತಿಳಿದ ಜನರ ಕಲ್ಪನೆಯು ಸಣ್ಣದಲ್ಲ. ಒಂದು ಕಾಲಕ್ಕೆ ಇದು ಚಂಗಾಳ್ವ ಅರಸರ ಸೀಮೆ. ಬೆಟ್ಟದ ಬುಡದ ಊರು ಸಂಕೇತಿ ಮನೆತನಗಳಿಗೆ ಹೆಸರಾದುದು. ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಕೊಡಗಿನ ಗಿರಿಪಂಕ್ತಿ ನೀಲಿಯಾಗಿ ಒಂದರ ಹಿಂದೊಂದು ಸರಿಯುತ್ತದೆ; ಮೂಡಣಕ್ಕೆ ನೋಡಿದರೆ ಕೆಂಪು ಹೊಲಗಳ, ಕೆರೆಗಳ ಬಯಲು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಗೆರೆಯನ್ನು ಬೆರಳಿಟ್ಟು ತೋರಿಸಬಹುದಾದ ಜಾಗ ಇದು.

ಬೈಲುಕುಪ್ಪೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿಯ ಸ್ವರ್ಣಮಂದಿರದ ಮುಂದೆ ತೆಗೆಸಿಕೊಂಡ ಭಾವಚಿತ್ರವಿಲ್ಲದ ಮನೆ ಈಗ ಅಪರೂಪ. 1999ರಲ್ಲಿ ಬಾಗಿಲು ತೆರೆದ ಆ ಮಂದಿರವು ನಮ್ಡ್ರೋಲಿಂಗ್ ವಿಹಾರಕ್ಕೆ ಸೇರಿದುದು. ವಿಹಾರವನ್ನು ಪೆನೋರ್ ರಿನ್‌ಪೋಚೆಯವರು ಸ್ಥಾಪಿಸಿದುದು 1963ರಲ್ಲಿ. ಅದಕ್ಕೂ ಹಿಂದೆ, 1961ರ ಸುಮಾರಿಗೆ, ಮೈಸೂರು ಸರ್ಕಾರವು ಕೊಟ್ಟ ಸುಮಾರು 3000 ಎಕರೆ ಕಾಡುನೆಲಕ್ಕೆ ಮೊದಲ ನಿರಾಶ್ರಿತರು ಬಂದಿಳಿದರು. ಹಿಮದ ನಾಡಿನಿಂದ ಬಂದವರು ಈ ಬಿಸಿಲಿನಲ್ಲಿ ಡೇರೆ ಹಾಕಿ, ಮರ ಕಡಿದು, ಬೇರು ಕಿತ್ತು, ಆನೆಗಳನ್ನು ಬೆದರಿಸುತ್ತ ಮುಸುಕಿನ ಜೋಳ ಬಿತ್ತಿದರು. ಮಂದಿರದಿಂದ ಒಂದೆರಡು ಕಿಲೋಮೀಟರು ಮುಂದೆ ನಡೆದು, ಆ ಜೋಳದ ಹೊಲಗಳ ಬದುವಿನಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟಿಸುವುದನ್ನು ನೋಡಿದವನು ಬೈಲುಕುಪ್ಪೆಯನ್ನು ನೋಡಿದನೆನ್ನಬಹುದು. ಹೊನ್ನಿನ ಬಣ್ಣದ ಬುದ್ಧನ ಮುಂದೆ ಅರ್ಧ ಗಂಟೆ ಕಳೆದು ಬಸ್ಸು ಹತ್ತಿದವನಿಗೆ ಆ ಮಾತು ಸಲ್ಲದು.

ಹುಣಸೂರಿನ ನೆಲವು ಮುಂಗಾರಿನಲ್ಲಿ ಹೊಗೆಸೊಪ್ಪಿನ ಅಗಲವಾದ ಎಲೆಗಳಿಂದ ಹಸುರಾಗಿರುತ್ತದೆ. ಆಷಾಢ ಕಳೆದ ಮೇಲೆ ಹೊಲಗಳ ನಡುವಿನ ಬ್ಯಾರನ್ನುಗಳಲ್ಲಿ ಸೌದೆಯ ಬೆಂಕಿ ಹೊತ್ತುತ್ತದೆ. ಐದಾರು ದಿನ ಹಗಲಿರುಳೂ ಕಾದು ಹಸಿಯ ಎಲೆಯನ್ನು ಹೊಂಬಣ್ಣಕ್ಕೆ ತರಬೇಕು. ಆ ದಿನಗಳಲ್ಲಿ ಹಳ್ಳಿಯ ದಾರಿಯಲ್ಲಿ ಹೋಗುವವರ ಬಟ್ಟೆಗೂ ಅದರ ಸಿಹಿಗಾರದ ವಾಸನೆ ಅಂಟಿಕೊಳ್ಳುತ್ತದೆ. ನೋಡಲು ಚೆಂದವೇ, ಆದರೆ ಒಲೆಗೆ ಬೇಕಾದ ಸೌದೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಕಾಡಿನ ಅಂಚಿನ ಈ ತಾಲ್ಲೂಕುಗಳನ್ನು ಬಿಟ್ಟಿಲ್ಲ.

ಕಾಡಿನ ಬಾಗಿಲು

ಹುಣಸೂರಿನಿಂದ ತೆಂಕಣಕ್ಕೆ ಹೋದರೆ ವೀರನಹೊಸಹಳ್ಳಿ. ಇಲ್ಲಿಂದ ನಾಗರಹೊಳೆಯ ಕಾಡು. ಹಾವಿನಂತೆ ಬಳುಕುವ ಹೊಳೆಯಿಂದ ಹೆಸರು ಪಡೆದ ಈ ಕಾಡು 1955ರಲ್ಲಿ ವನ್ಯಮೃಗಧಾಮವಾಯಿತು. 1988ರಲ್ಲಿ 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನವೆನಿಸಿತು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದುದು ಇಲ್ಲಿಯೇ. ಒಂದು ಹುಲಿಯ ಮೈಯ ಪಟ್ಟೆ ಮತ್ತೊಂದರಂತಿರುವುದಿಲ್ಲ. ದಾರಿಯ ಪಕ್ಕದಲ್ಲಿಟ್ಟ ಕ್ಯಾಮರಾದ ಮುಂದೆ ಹಾದುಹೋದ ಹುಲಿಯನ್ನು ಆ ಪಟ್ಟೆಗಳಿಂದ ಗುರುತಿಸಿ ಎಣಿಕೆಮಾಡುವ ಕ್ರಮ ಈ ಕಾಡಿನಲ್ಲಿ ಬೇರೂರಿ ದೇಶಕ್ಕೆಲ್ಲ ಹಬ್ಬಿತು. ಕಳ್ಳಬೇಟೆಯನ್ನು ಹಟತೊಟ್ಟು ತಡೆದ ವಲಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಹೆಸರನ್ನೂ ಇಲ್ಲಿ ನೆನೆಯಬೇಕು.

ದಸರೆಗೆ ಒಂದೆರಡು ತಿಂಗಳಿರುವಾಗ ಗಜಪಯಣ ಹೊರಡುವುದು ವೀರನಹೊಸಹಳ್ಳಿಯಿಂದಲೇ. ಹಣೆಗೆ ಗಂಧ, ಕೊರಳಿಗೆ ಹಾರ. ಕಬ್ಬು, ಬೆಲ್ಲ, ಮಂಗಳವಾದ್ಯ. ಹಿಂದೆ ಆನೆಗಳು ಮೈಸೂರಿನವರೆಗೂ ನಡೆದುಕೊಂಡೇ ಹೋಗುತ್ತಿದ್ದವು. ಈಗ ಲಾರಿಯೇರಿ ಹೋಗುತ್ತವೆ. ಆದರೆ ಹೂವಿನ ಹಾರ ಹಾಕಿಸಿಕೊಳ್ಳುವ ಆನೆಯ ಹಿಂದೆ, ಅದೇ ಕಾಡಿನ ಅಂಚಿನಲ್ಲಿ, ಹಳೆಯ ರೈಲುಕಂಬಿಗಳನ್ನು ನೆಟ್ಟು ಕಟ್ಟಿದ ಬೇಲಿಯೂ ಕಾಣುತ್ತದೆ. ಅದು ಹಾರವಿಲ್ಲದ ಆನೆಗಳಿಗಾಗಿ. ರಾತ್ರಿ ಹೊಲಕ್ಕಿಳಿಯುವ ಹಿಂಡನ್ನು ತಡೆಯಲು ಅಗೆದ ಕಂದಕ, ಸೌರಬೇಲಿಗಳೆಲ್ಲ ಸೋತ ಮೇಲೆ ಬಂದ ಉಪಾಯವದು.

ಮುಳುಗಿದ ಖೆಡ್ಡಾ

ಹೆಗ್ಗಡದೇವನಕೋಟೆಯಿಂದ ಅಂತರಸಂತೆಯ ಮಾರ್ಗವಾಗಿ ಮುಂದುವರಿದರೆ ಕಾಕನಕೋಟೆಯ ಕಾಡು ಬರುತ್ತದೆ. ಹಳೆಯ ಮೈಸೂರಿನ ಜನರಿಗೆ ಈ ಹೆಸರು ಕೇಳಿದೊಡನೆ ಎರಡು ನೆನಪಾಗುತ್ತಿದ್ದವು: ಮಾಸ್ತಿಯವರ ‘ಕಾಕನಕೋಟೆ’ ನಾಟಕ ಮತ್ತು ಆನೆಗಳ ಖೆಡ್ಡಾ. ನಾಟಕವು ಕಾಡುಕುರುಬರ ಕಥೆ, 1977ರಲ್ಲಿ ಸಿ. ಆರ್. ಸಿಂಹರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಖೆಡ್ಡಾದ ಕಥೆ ಅದಕ್ಕಿಂತ ಹಳೆಯದು.

ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ಸೋತು, ಇನ್ನಾರಿಗೂ ಇದು ಸಾಧ್ಯವಾಗದೆಂದು ಶಾಪವನ್ನು ಕಲ್ಲಿನ ಮೇಲೆ ಕೆತ್ತಿಸಿದ್ದನಂತೆ. ಹೀಗೆಂದು ಬರೆದವನು ಜಿ. ಪಿ. ಸ್ಯಾಂಡರ್ಸನ್. ನೀರಾವರಿ ಕಾಲುವೆಗಳ ಉಸ್ತುವಾರಿಗೆಂದು ಮೈಸೂರಿನಲ್ಲಿದ್ದ ಈ ಆಂಗ್ಲನು ಕನ್ನಡ ಕಲಿತು, ಕಾಡಿನ ಜನರೊಡನೆ ಅಲೆದು, 1873-74ರಲ್ಲಿ ಚಾಮರಾಜನಗರದ ಕಡೆ ಮೊದಲ ಖೆಡ್ಡಾವನ್ನು ಗೆದ್ದನು. ಮುಂದೆ ಖೆಡ್ಡಾಕ್ಕೆ ಕಾಕನಕೋಟೆಯೇ ರಂಗಸ್ಥಳವಾಯಿತು. ತಮಟೆ, ಪಂಜು, ಕೋವಿಗಳ ಸದ್ದಿನಿಂದ ಹಿಂಡನ್ನು ದಿನಗಟ್ಟಲೆ ದಬ್ಬುತ್ತ ಬಂದು ಕಬಿನಿಗೆ ಇಳಿಸುವುದು, ಹೊಳೆ ದಾಟಿದ ಹಿಂಡನ್ನು ಮರದ ದಿಮ್ಮಿಗಳ ಆವರಣದೊಳಕ್ಕೆ ಹೊಗಿಸಿ ಬಾಗಿಲು ಬೀಳಿಸುವುದು, ಪಳಗಿದ ಕುಂಕಿ ಆನೆಗಳ ಬೆನ್ನಮೇಲೆ ಕುಳಿತ ಕುರುಬರು ಒಳಹೊಕ್ಕು ಒಂದೊಂದನ್ನೇ ಹಗ್ಗಕ್ಕೆ ಕಟ್ಟುವುದು. ಮಹಾರಾಜರ ಅತಿಥಿಗಳಾಗಿ ಬಂದ ವೈಸರಾಯರು ಎತ್ತರದ ಅಟ್ಟಣೆಯಿಂದ ಇದನ್ನು ನೋಡುತ್ತಿದ್ದರು. ಅವರಿಗೆಂದು ಕಟ್ಟಿದ ಬಂಗಲೆ ಇಂದಿಗೂ ಕಾರಾಪುರದಲ್ಲಿದೆ. ಇದೇ ಕಾರಾಪುರದಲ್ಲಿ ಹುಟ್ಟಿದ ಮಾವುತರ ಹುಡುಗ ಸಾಬು, ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಬಿದ್ದು, 1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್ಡಿನವರೆಗೂ ಹೋದನು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬಿದರಹಳ್ಳಿಯ ಬಳಿ ಕಬಿನಿ ಅಣೆಕಟ್ಟೆ ಪೂರ್ಣವಾಯಿತು. ಖೆಡ್ಡಾ ನಡೆಯುತ್ತಿದ್ದ ನೆಲ, ಮಾಸ್ತಿಗುಡಿಯ ಸುತ್ತಲಿನ ತಗ್ಗು, ಹಲವು ಹಳ್ಳಿಗಳು, ಜೇನುಕುರುಬರ ಹಾಡಿಗಳು, ಎಲ್ಲವೂ ನೀರಿನಡಿ ಸೇರಿದವು. ಅಂದು ಮುಳುಗಿದ ಕಾಡಿನ ಒಣಮರಗಳು ಅರ್ಧ ಶತಮಾನ ಕಳೆದರೂ ಹಿನ್ನೀರಿನ ನಡುವೆ ಕಪ್ಪಗೆ ನಿಂತಿವೆ. ನೀರುಕಾಗೆಗಳು ಅವುಗಳ ಮೇಲೆ ಕುಳಿತು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಛಾಯಾಚಿತ್ರಕಾರರಿಗೆ ಇದು ಬಲು ಪ್ರಿಯವಾದ ನೋಟ.

ಇನ್ನು ಕಬಿನಿಯನ್ನು ಲೋಕಪ್ರಸಿದ್ಧವಾಗಿ ಮಾಡಿದ ದೃಶ್ಯ. ಜಲಾಶಯದ ತುಂಬುಮಟ್ಟ 2284 ಅಡಿ. ಹಿಡಿಯುವ ನೀರು 19.52 ಟಿ.ಎಂ.ಸಿ. ಮಳೆಗಾಲ ಮುಗಿದ ಮೇಲೆ ಆ ನೀರನ್ನು ಕೆಳಗಿನ ನಾಲೆಗಳಿಗೂ, ನದಿಗೂ, ಊರುಗಳ ಕುಡಿಯುವ ನೀರಿಗೂ ಬಿಡುತ್ತ ಹೋಗುತ್ತಾರೆ. ನೀರಿನಂಚು ಹಿಂದೆ ಸರಿದಂತೆಲ್ಲ ಮೆಕ್ಕಲು ಮಣ್ಣಿನ ವಿಶಾಲವಾದ ಬಯಲು ಮೇಲಕ್ಕೇಳುತ್ತದೆ. ತೇವವಿರುವ ಆ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಕಾಡಿನೊಳಗೆ ತೇಗ ಎಲೆಯುದುರಿಸಿ ಬೋಳಾಗಿರುತ್ತದೆ, ತೊರೆಗಳು ಬತ್ತಿರುತ್ತವೆ, ಲಾಂಟಾನದ ಪೊದೆಗಳ ಕೆಳಗೆ ಹುಲ್ಲಿನ ಸುಳಿವಿರುವುದಿಲ್ಲ. ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಆಗ ಇಲ್ಲಿಗೆ ಬರತೊಡಗುತ್ತವೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಸಂಜೆಯ ಹೊತ್ತು ದಡದಲ್ಲಿ ನೂರಾರು ಆನೆಗಳು: ಅಜ್ಜಿಯಾನೆಯ ಹಿಂದೆ ಸಾಲಾಗಿ ಬರುವ ಹೆಣ್ಣುಗಳು, ಅವುಗಳ ಕಾಲಿನ ನಡುವೆ ಎಡವುವ ಮರಿಗಳು, ದೂರದಲ್ಲಿ ಒಂಟಿಯಾಗಿ ಮಣ್ಣೆರಚಿಕೊಳ್ಳುವ ಸಲಗ. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಸೇರುವುದನ್ನು ಕಾಣುವ ಸ್ಥಳಗಳು ಜಗತ್ತಿನಲ್ಲಿ ಬಹಳವಿಲ್ಲ.

ದೋಣಿಯಲ್ಲಿ ಕುಳಿತು ಇದನ್ನು ಕಂಡವರು ಅನಾದಿಕಾಲದ ಪ್ರಕೃತಿಯನ್ನೇ ಕಂಡೆವೆಂದುಕೊಂಡು ಮೌನವಾಗುತ್ತಾರೆ. ಆದರೆ ಆ ಹುಲ್ಲುಗಾವಲಿಗೆ ಇನ್ನೂ ಮನುಷ್ಯನ ಆಯುಸ್ಸೂ ತುಂಬಿಲ್ಲ. ಅದರ ಅಗಲವನ್ನು ಗೊತ್ತುಮಾಡುವುದು ಕೆಳಗಿನ ಗದ್ದೆಗಳಿಗೆ ಎಷ್ಟು ನೀರು ಬೇಕು ಎಂಬ ಲೆಕ್ಕ, ತೂಬಿನ ಬಾಗಿಲು. ಹೊಳೆ ಕಟ್ಟಿದವರು ಆನೆಗಳನ್ನು ನೆನೆದು ಕಟ್ಟಲಿಲ್ಲ. ಹಳ್ಳಿ, ಹಾಡಿ, ಖೆಡ್ಡಾದ ಕಣಗಳನ್ನು ನುಂಗಿದ ನೀರೇ ಆನೆಗಳಿಗೆ ಬೇಸಗೆಯ ಮೇವಾಗಿ ಒದಗಿತು. ಯಾವ ನೆಲದಲ್ಲಿ ಅವುಗಳ ಹಿರಿಯರ ಕಾಲಿಗೆ ಹಗ್ಗ ಬಿದ್ದಿತೋ ಅದೇ ನೆಲದಲ್ಲಿ ಮರಿಗಳು ಇಂದು ನಿರ್ಭಯವಾಗಿ ಹೊರಳಾಡುತ್ತಿವೆ.

ಹಗ್ಗ ಹಾಕಿದ ಕುರುಬರ ಪಾಲಿಗೆ ಲೆಕ್ಕ ಬೇರೆಯಾಯಿತು. ಜಲಾಶಯಕ್ಕಾಗಿ ಒಮ್ಮೆ, ಉದ್ಯಾನಕ್ಕಾಗಿ ಇನ್ನೊಮ್ಮೆ ಕಾಡಿನಿಂದ ಹೊರಬಂದ ಮನೆಗಳುಂಟು. 1990ರ ದಶಕದ ಕೊನೆಯಿಂದ ಹುಣಸೂರು ತಾಲ್ಲೂಕಿನ ನಾಗಾಪುರ, ಹೆಗ್ಗಡದೇವನಕೋಟೆಯ ಕಡೆಯ ಸೊಳ್ಳೇಪುರ ಮುಂತಾದೆಡೆ ಅವರಿಗೆ ಮನೆ, ಜಮೀನು ಕೊಟ್ಟು ನೆಲೆಗೊಳಿಸಿದರು. ಅಲ್ಲಿ ಮಕ್ಕಳಿಗೆ ಶಾಲೆ ಹತ್ತಿರವಾಯಿತು, ಜೇನು ದೂರವಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳನ್ನು ಹಿಡಿದು ಇನ್ನೂ ಕಾದಿರುವವರಿದ್ದಾರೆ. ಆನೆಯ ಬೆನ್ನಮೇಲಿನ ಮಾವುತ, ಕಾವಾಡಿಗಳಲ್ಲಿ, ಬೇಸಗೆಯಲ್ಲಿ ಕಾಡ್ಗಿಚ್ಚಿಗೆ ಎದುರಾಗುವ ಕಾವಲುಗಾರರಲ್ಲಿ ಹೆಚ್ಚಿನವರು ಇಂದಿಗೂ ಅವರೇ. ಜೀಪಿನಲ್ಲಿ ಕುಳಿತ ಅತಿಥಿಗೆ ಎಲೆಯ ಮರೆಯ ಚಿರತೆಯ ಬಾಲವನ್ನು ಮೊದಲು ತೋರಿಸುವ ಕಣ್ಣೂ ಅವರದಿರಬಹುದು.

ಅರ್ಜುನನೆಂಬ ಆನೆಯ ಕಥೆಯನ್ನು ಇಲ್ಲಿ ಹೇಳದಿದ್ದರೆ ಕಾಕನಕೋಟೆಯ ಮಾತು ಪೂರೈಸದು. 1968ರ ಖೆಡ್ಡಾದಲ್ಲಿ ಇದೇ ಕಾಡಿನಲ್ಲಿ ಸೆರೆಸಿಕ್ಕ ಆನೆಯದು. ಬಳ್ಳೆಯ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಾಮುಂಡೇಶ್ವರಿಯ ಚಿನ್ನದ ಅಂಬಾರಿಯನ್ನು ಹೊತ್ತಿತು. ವಯಸ್ಸಾಯಿತೆಂದು ಅಂಬಾರಿಯಿಂದ ಬಿಡುಗಡೆ ದೊರೆತರೂ ಕಾಡಾನೆ ಹಿಡಿಯುವ ಕೆಲಸದಿಂದ ದೊರೆಯಲಿಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನ ಕಡೆ ಅಂಥ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ದಂತಕ್ಕೆ ಸಿಕ್ಕಿ ಅರ್ಜುನ ಮಡಿಯಿತು. ಅದು ಹುಟ್ಟಿ ಬೆಳೆದ ಕಾಡಿಗೆ ಮರಳಿ ಬರಲಿಲ್ಲ. ಮಡಿದ ಕಡೆಯಲ್ಲಿಯೇ ಮಣ್ಣು ಮಾಡಿದರು.

ಪ್ರವಾಸಿಗರ ವ್ಯವಸ್ಥೆಯ ವಿಷಯ. 1980ರಲ್ಲಿ ರಾಜ್ಯ ಸರ್ಕಾರವು ಹುಟ್ಟುಹಾಕಿದ ಜಂಗಲ್ ಲಾಡ್ಜಸ್ ಸಂಸ್ಥೆಯ ಮೊದಲ ಬಿಡಾರವಾದದ್ದು ಕಾರಾಪುರದ ಹಳೆಯ ಬೇಟೆಬಂಗಲೆಗಳೇ. ಪ್ರಾಯದಲ್ಲಿ ಬೇಟೆಗಾರನಾಗಿದ್ದು ಬಳಿಕ ಕಾಡನ್ನು ತೋರಿಸುವವನಾದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಹಿರಿಯನಾಗಿದ್ದನು. ಈಗ ದಡದುದ್ದಕ್ಕೂ ಸಿರಿವಂತ ವಸತಿಗೃಹಗಳು ಬಂದಿವೆ. ಅವುಗಳಲ್ಲಿ ಒಂದು ರಾತ್ರಿಯ ಬಾಡಿಗೆ ಸಾಮಾನ್ಯ ಸಂಸಾರದ ತಿಂಗಳ ಖರ್ಚನ್ನು ಮೀರಿಸುವುದೂ ಉಂಟು. ಅಷ್ಟು ತೆರಲಾರದವರು ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿಯನ್ನು ನೆಚ್ಚಬಹುದು. ಭೀಮನಕೊಲ್ಲಿಯ ಮಹದೇಶ್ವರನ ಗುಡಿಯ ಮುಂದೆ ನಿಂತು ಹಿನ್ನೀರನ್ನು ನೋಡಲಂತೂ ಯಾರೂ ಹಣ ಕೇಳುವುದಿಲ್ಲ. ಮಾನಂದವಾಡಿಯ ಕಾಡುದಾರಿಯಲ್ಲಿ ರಾತ್ರಿ ಸಂಚಾರ ನಿಷಿದ್ಧ. 2025ರ ನವೆಂಬರಿನಲ್ಲಿ ಸರಗೂರಿನ ಕಡೆ ಹುಲಿಯ ದಾಳಿಗೆ ರೈತರು ಬಲಿಯಾದಾಗ ಸರ್ಕಾರವು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿತು. ಅತಿಥಿಗಳಿಗೆ ಅದರಿಂದ ನಿರಾಶೆಯಾಯಿತು. ಹೊಲಕ್ಕೆ ಹೋದ ಮನೆಯವರು ಸಂಜೆಗೆ ಹಿಂದಿರುಗುವರೋ ಇಲ್ಲವೋ ಎಂದು ಕಾದ ಹಳ್ಳಿಯವರಿಗೆ ಆ ನಿರಾಶೆಯ ತೂಕ ತಿಳಿಯದೆ ಹೋದದ್ದು ತಪ್ಪಲ್ಲ. ಹೊರಡುವ ಮೊದಲು ಸಫಾರಿಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಲೇಸು.

ಜೂನಿನಲ್ಲಿ ವಯನಾಡಿಗೆ ಮಳೆ ಹಿಡಿಯುತ್ತದೆ. ರಾಜ್ಯದ ದೊಡ್ಡ ಜಲಾಶಯಗಳಲ್ಲಿ ಬಹುತೇಕ ಪ್ರತಿವರ್ಷವೂ ಮೊದಲು ತುಂಬುವುದು ಕಬಿನಿಯೇ. ನೀರು ದಿನಕ್ಕಿಷ್ಟರಂತೆ ಏರುತ್ತ ಹುಲ್ಲನ್ನೂ, ಅದರ ಮೇಲಿನ ಆನೆಯ ಹೆಜ್ಜೆಗಳನ್ನೂ ಮುಚ್ಚುತ್ತದೆ. ಹಿಂಡುಗಳು ಚಿಗುರಿದ ಕಾಡಿನೊಳಕ್ಕೆ ಚದುರಿಹೋಗುತ್ತವೆ. ಹುಣಸೂರಿನ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿಗಳು ಎದ್ದಿರುತ್ತವೆ. ಅತ್ತ ಚುಂಚನಕಟ್ಟೆಯ ಬಂಡೆಗಳ ಮೇಲೆ ಮೊದಲ ಕೆಂಪು ನೀರು ಬೀಳತೊಡಗಿರುತ್ತದೆ.